ನಳ್ಳಿಯ ನೀರಿಗೆ ಯಾರು ಸಾಕ್ಷಿ?

2025ರ ಜುಲೈ 2ರಂದು ರಾಜ್ಯ ಸಚಿವ ಸಂಪುಟವು ನಂದಿಬೆಟ್ಟದಲ್ಲಿ ಸಭೆ ಸೇರಿ, ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂಬ ಹೆಸರಿಡಲು ತೀರ್ಮಾನಿಸಿತು. 1986ರಲ್ಲಿ ಅಸ್ತಿತ್ವಕ್ಕೆ ಬಂದ ಜಿಲ್ಲೆಯೊಂದು ತನ್ನ ಹೆಸರಿನಿಂದ 'ಗ್ರಾಮಾಂತರ'ವನ್ನು ಕಳಚಿಕೊಂಡರೆ ಭೂಮಿಯ ಬೆಲೆ ಏರಬಹುದು, ಬಂಡವಾಳ ಹರಿದು ಬರಬಹುದು. ಆದರೆ ಸಚಿವರು ಕುಳಿತು ಈ ತೀರ್ಮಾನ ಕೈಗೊಂಡ ಬೆಟ್ಟವು ಅರ್ಕಾವತಿ ಮತ್ತು ಪಿನಾಕಿನಿಗಳ ಉಗಮ ಸ್ಥಾನ ಎಂಬುದು ಗಮನಾರ್ಹ. ಆ ಬೆಟ್ಟದಿಂದ ಇಳಿದು ದೊಡ್ಡಬಳ್ಳಾಪುರದ ಕಡೆಗೆ ಹೊರಟರೆ, ಅರ್ಕಾವತಿಯ ಪಾತ್ರದ ಕೆರೆಗಳ ಬಳಿ ಜನರು ವರ್ಷಗಳಿಂದ ಒಂದೇ ಪ್ರಶ್ನೆಯನ್ನು ಕೇಳುತ್ತಿರುವುದು ಕಿವಿಗೆ ಬೀಳುತ್ತದೆ: ನಾವು ಕುಡಿಯುತ್ತಿರುವ ನೀರು ಎಂಥದ್ದು? ಜಿಲ್ಲೆಯ ಹೆಸರೇನು ಎಂಬುದಕ್ಕಿಂತ ಆ ಜಿಲ್ಲೆಯ ಮಗು ಬೆಳಿಗ್ಗೆ ಎದ್ದು ಕುಡಿಯುವ ಲೋಟ ನೀರಿನಲ್ಲಿ ಏನಿದೆ ಎಂಬ ಪ್ರಶ್ನೆಯೇ ಹೆಚ್ಚು ಮುಖ್ಯವಲ್ಲವೇ?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ಎಂಬ ನಾಲ್ಕು ತಾಲೂಕುಗಳ ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. 2011ರ ಜನಗಣತಿಯ ವೇಳೆಗೆ ಹತ್ತು ಲಕ್ಷದ ಸನಿಹದಲ್ಲಿದ್ದ ಇಲ್ಲಿನ ಜನಸಂಖ್ಯೆಯು ಮುಖ್ಯವಾಗಿ ಕೊಳವೆಬಾವಿಗಳನ್ನು ನಂಬಿಕೊಂಡಿದೆ. ದೊಡ್ಡಬಳ್ಳಾಪುರ ನಗರಕ್ಕೆ ಜಕ್ಕಲಮಡಗು ಜಲಾಶಯದ ನೀರು ಬರುತ್ತದಾದರೂ ಕೊಳವೆಬಾವಿಗಳ ಆಸರೆಯಿಲ್ಲದೆ ಆ ನಗರದ ದಾಹ ತೀರದು. ಕೇಂದ್ರ ಅಂತರ್ಜಲ ಮಂಡಳಿಯ ಮೌಲ್ಯಮಾಪನಗಳು ಈ ನಾಲ್ಕೂ ತಾಲೂಕುಗಳನ್ನು ಅಂತರ್ಜಲದ ಅತಿ ಬಳಕೆಯಾದ ಪ್ರದೇಶಗಳೆಂದು ಗುರುತಿಸಿವೆ. ಅಂದರೆ ಮಳೆಯು ಭೂಮಿಗೆ ಎಷ್ಟನ್ನು ಮರಳಿ ತುಂಬುತ್ತದೋ ಅದಕ್ಕಿಂತ ಹೆಚ್ಚನ್ನು ನಾವು ಎತ್ತುತ್ತಿದ್ದೇವೆ. ಒಂದು ಕಾಲದಲ್ಲಿ ತೆರೆದ ಬಾವಿಯಲ್ಲಿ ಕೈಗೆಟಕುತ್ತಿದ್ದ ನೀರಿಗಾಗಿ ಇಂದು ಸಾವಿರ ಅಡಿಯ ಆಚೆಗೂ ಕೊರೆಯಬೇಕಾಗಿದೆ.

ಈ ಆಳವು ಕೇವಲ ಖರ್ಚಿನ ಪ್ರಶ್ನೆಯಲ್ಲ. ಗಟ್ಟಿ ಬಂಡೆಯ ಬಿರುಕುಗಳಲ್ಲಿ ದೀರ್ಘ ಕಾಲ ನಿಂತ ನೀರು ಆ ಬಂಡೆಯ ಖನಿಜಗಳನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಫ್ಲೋರೈಡ್ ಬರುವುದು ಹೀಗೆಯೇ. ಯುರೇನಿಯಂ ಬರುವುದೂ ಹೀಗೆಯೇ. ಪೂರ್ವ ಕರ್ನಾಟಕದ ಹಲವು ಹಳ್ಳಿಗಳ ಕುಡಿಯುವ ನೀರಿನಲ್ಲಿ ಯುರೇನಿಯಂ ಪ್ರಮಾಣವು ಲೀಟರಿಗೆ 30 ಮೈಕ್ರೋಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ದಾಟಿದೆ ಎಂದು 2021ರಲ್ಲಿ ವಿಜ್ಞಾನಿಗಳ ಅಧ್ಯಯನವೊಂದು ಎಚ್ಚರಿಸಿತ್ತು. ಭಾರತೀಯ ಮಾನಕ ಬ್ಯೂರೋ ಕೂಡ ಇದೇ ಮಿತಿಯನ್ನು ಒಪ್ಪಿಕೊಂಡಿದೆ. ಇನ್ನು ಮೇಲಿನಿಂದ ಇಳಿಯುವ ವಿಷ ಬೇರೆಯೇ ಇದೆ. ಶೌಚದ ಗುಂಡಿ, ಒಳಚರಂಡಿ, ದನದ ಕೊಟ್ಟಿಗೆ ಹಾಗೂ ಹೊಲಕ್ಕೆ ಸುರಿಯುವ ಗೊಬ್ಬರಗಳಿಂದ ನೈಟ್ರೇಟ್ ನೆಲಕ್ಕಿಳಿಯುತ್ತದೆ. ಹೀಗೆ ಮೇಲಿನಿಂದ ನೈಟ್ರೇಟ್, ಕೆಳಗಿನಿಂದ ಫ್ಲೋರೈಡ್. ಇವೆರಡರ ನಡುವೆ ನಮ್ಮ ಕೊಳವೆಬಾವಿ ನಿಂತಿದೆ.

ಇವುಗಳಲ್ಲಿ ಯಾವುದಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಭಾರತೀಯ ಮಾನಕದ ಪ್ರಕಾರ ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು, ಅದರಲ್ಲಿ ಯಾವ ರಿಯಾಯಿತಿಯೂ ಇಲ್ಲ. 100 ಮಿಲಿಲೀಟರ್ ನೀರಿನಲ್ಲಿ ಮಲಮೂಲದ ಒಂದೇ ಒಂದು ಇ-ಕೋಲಿ ಬ್ಯಾಕ್ಟೀರಿಯಾ ಕಂಡರೂ ಅದು ಕುಡಿಯಲು ಅಯೋಗ್ಯ. ಅಡುಗೆ ಮನೆಯ ಯಾವ ತಾಯಿ ತಾನೇ ಕೊಡ ನೋಡಿ ಇದನ್ನು ಹೇಳಬಲ್ಲಳು? ಕುದಿಸಿ ಕುಡಿಯಿರಿ ಎಂಬ ಸಲಹೆಯನ್ನು ನಾವೆಲ್ಲ ಕೇಳಿದ್ದೇವೆ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ನಿಜ. ಆದರೆ ಫ್ಲೋರೈಡ್ ಮತ್ತು ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ, ಬದಲಾಗಿ ನೀರು ಆವಿಯಾದಷ್ಟೂ ಅವು ಸಾಂದ್ರಗೊಳ್ಳುತ್ತವೆ. ಆದ್ದರಿಂದ ತನ್ನ ನೀರಿನ ದೋಷ ಯಾವುದೆಂದು ತಿಳಿಯದವನಿಗೆ ಅದರ ಪರಿಹಾರವೂ ತಿಳಿಯದು. ತಿಳಿಯುವ ದಾರಿ ಪರೀಕ್ಷೆಯೊಂದೇ.

ಹಾಗಾದರೆ ಪರೀಕ್ಷೆ ನಡೆಯುತ್ತಿಲ್ಲವೇ? ನಡೆಯುತ್ತಿದೆ. ಗ್ರಾಮೀಣ ಕುಡಿಯುವ ನೀರಿನ ಗುಣಮಟ್ಟ ನಿಗಾ ಕಾರ್ಯಕ್ರಮವನ್ನು ಕೇಂದ್ರ ಸರಕಾರವು 2006ರಲ್ಲೇ ಆರಂಭಿಸಿತ್ತು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್, ಕರ್ನಾಟಕದಲ್ಲಿ 'ಮನೆ ಮನೆಗೆ ಗಂಗೆ'ಯಾಗಿ ಹಳ್ಳಿಗಳಿಗೆ ಬಂತು. ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು ಕೊಡಬೇಕೆಂಬುದು ಅದರ ಗುರಿ. ಆ ನೀರು ನಿಗದಿತ ಗುಣಮಟ್ಟದ್ದಾಗಿರಬೇಕು ಎಂಬುದೂ ಅದರ ಭಾಗವೇ. ಪ್ರತಿ ಜಲಮೂಲಕ್ಕೆ ವರ್ಷಕ್ಕೊಮ್ಮೆ ರಾಸಾಯನಿಕ ಪರೀಕ್ಷೆ ಹಾಗೂ ಎರಡು ಬಾರಿ ಬ್ಯಾಕ್ಟೀರಿಯಾ ಪರೀಕ್ಷೆ ನಡೆಸಬೇಕು, ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಸ್ಥಳದಲ್ಲೇ ನೀರು ಪರೀಕ್ಷಿಸುವ ಕಿಟ್ ಬಳಸಲು ತರಬೇತಿ ನೀಡಬೇಕು, ಪ್ರಯೋಗಾಲಯಗಳು ಸಾರ್ವಜನಿಕರಿಗೂ ತೆರೆದಿರಬೇಕು ಎಂಬ ನಿಯಮಗಳಿವೆ. ಫಲಿತಾಂಶಗಳನ್ನು ಗಣಕೀಕೃತ ಜಾಲತಾಣಕ್ಕೆ ಏರಿಸುವ ವ್ಯವಸ್ಥೆಯೂ ಇದೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಯೋಜನೆ ಇರಲಾರದು ಎಂದೇ ಒಪ್ಪಿಕೊಳ್ಳೋಣ.

ಆದರೆ ಈ ಇಡೀ ಸರಪಳಿಯಲ್ಲಿ ಒಂದು ಕೊಂಡಿ ಕಾಣೆಯಾಗಿದೆ. ಅದು ನೀರು ಕುಡಿಯುವವನದ್ದು. ಮಾದರಿ ಹಳ್ಳಿಯಿಂದ ಪ್ರಯೋಗಾಲಯಕ್ಕೆ ಹೋಗುತ್ತದೆ, ವರದಿ ಪ್ರಯೋಗಾಲಯದಿಂದ ಇಲಾಖೆಗೆ ಹೋಗುತ್ತದೆ, ಇಲಾಖೆಯಿಂದ ಅಂಕಿಅಂಶವು ರಾಜಧಾನಿಗೆ ಹೋಗುತ್ತದೆ. ಯಾರ ಹೊಟ್ಟೆಗೆ ಆ ನೀರು ಹೋಗುತ್ತದೋ ಅವನ ಮನೆ ಬಾಗಿಲಿಗೆ ಮಾತ್ರ ಆ ವರದಿ ಮರಳಿ ಬರುವುದಿಲ್ಲ. ಜಾಲತಾಣ ತೆರೆದು, ಜಿಲ್ಲೆ, ತಾಲೂಕು, ಪಂಚಾಯತ್ ಎಂದು ಒಂದೊಂದೇ ಹುಡುಕಿ, ಇಂಗ್ಲಿಷಿನಲ್ಲಿರುವ ಕೋಷ್ಟಕವನ್ನು ಓದಿ ಅರ್ಥ ಮಾಡಿಕೊಳ್ಳುವುದು ಕೊಡ ಹಿಡಿದು ನಳ್ಳಿಯ ಮುಂದೆ ನಿಂತ ಮಹಿಳೆಗೆ ಸಾಧ್ಯವೇ? ಎರಡನೆಯದಾಗಿ, ನೀರು ಪೂರೈಸುವವರೂ ಅದನ್ನು ಪರೀಕ್ಷಿಸುವವರೂ ಬಹುತೇಕ ಒಂದೇ ಇಲಾಖೆಯವರು. ತನ್ನ ಉತ್ತರ ಪತ್ರಿಕೆಯನ್ನು ತಾನೇ ತಿದ್ದುವ ವಿದ್ಯಾರ್ಥಿ ಎಷ್ಟೇ ಪ್ರಾಮಾಣಿಕನಾದರೂ ಆ ಅಂಕಗಳನ್ನು ಯಾರೂ ನಂಬಲಾರರು.

ಈ ಕಾಣೆಯಾದ ಕೊಂಡಿಯ ಪರಿಣಾಮವನ್ನು ಕೆನಡಾದ ವಾಕರ್ಟನ್ ಎಂಬ ಪುಟ್ಟ ಪಟ್ಟಣವು 2000ದ ಮೇ ತಿಂಗಳಲ್ಲಿ ಅನುಭವಿಸಿತು. ಸುಮಾರು ಐದು ಸಾವಿರ ಜನರ ಆ ಊರಿಗೂ ನೀರು ಬರುತ್ತಿದ್ದುದು ಬಾವಿಗಳಿಂದ. ಭಾರೀ ಮಳೆಗೆ ಹೊಲದ ದನದ ಗೊಬ್ಬರದ ಅಂಶವು ಒಂದು ಬಾವಿಯೊಳಗೆ ಇಳಿಯಿತು. ನೀರಿನಲ್ಲಿ ಇ-ಕೋಲಿ ಇದೆಯೆಂದು ಪ್ರಯೋಗಾಲಯ ಪತ್ತೆ ಹಚ್ಚಿತು. ಆದರೆ ವರದಿ ತಲುಪಿದ್ದು ನೀರು ಪೂರೈಸುವ ಸಂಸ್ಥೆಗೆ ಮಾತ್ರ. ಆ ಸಂಸ್ಥೆಯ ಹೊಣೆಗಾರರು ಅದನ್ನು ಮುಚ್ಚಿಟ್ಟು, ನೀರು ಚೆನ್ನಾಗಿದೆಯೆಂದು ಆರೋಗ್ಯ ಅಧಿಕಾರಿಗಳಿಗೆ ಹೇಳುತ್ತಲೇ ಹೋದರು. ಕ್ಲೋರಿನ್ ಪ್ರಮಾಣದ ದಾಖಲೆಗಳನ್ನೂ ಅವರು ವರ್ಷಗಳಿಂದ ಸುಳ್ಳಾಗಿ ಬರೆಯುತ್ತಿದ್ದರೆಂಬುದು ಬಳಿಕ ಬಯಲಾಯಿತು. ಏಳು ಮಂದಿ ಸತ್ತರು, ಎರಡು ಸಾವಿರಕ್ಕೂ ಹೆಚ್ಚು ಜನರು ರೋಗಕ್ಕೆ ತುತ್ತಾದರು. ಅಲ್ಲಿ ಪರೀಕ್ಷೆಯೇನೋ ನಡೆದಿತ್ತು, ಅದು ಸತ್ಯವನ್ನೂ ಹೇಳಿತ್ತು. ಆದರೆ ಆ ಸತ್ಯ ಜನರನ್ನು ತಲುಪಲಿಲ್ಲ. ನ್ಯಾಯಾಂಗ ವಿಚಾರಣೆಯ ನಂತರ ಅಲ್ಲಿನ ಒಂಟಾರಿಯೊ ಪ್ರಾಂತ 2002ರಲ್ಲಿ ಕಾನೂನನ್ನೇ ರಚಿಸಿತು: ಕೆಟ್ಟ ಫಲಿತಾಂಶ ಬಂದ ಕೂಡಲೇ ಪ್ರಯೋಗಾಲಯವು ಪೂರೈಕೆದಾರನಿಗೆ ಮಾತ್ರವಲ್ಲ, ಆರೋಗ್ಯಾಧಿಕಾರಿಗೂ ಸರಕಾರಕ್ಕೂ ನೇರವಾಗಿ ತಿಳಿಸಲೇಬೇಕು.

ನಾವು ವಾಕರ್ಟನ್‌ವರೆಗೆ ಹೋಗಬೇಕಾದ ಅಗತ್ಯವೂ ಇಲ್ಲ. 2022ರ ಬೇಸಿಗೆಯ ಕೊನೆಗೆ ರಾಯಚೂರು ನಗರದಲ್ಲಿ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ, 2024ರ ಮೇಯಲ್ಲಿ ಮೈಸೂರು ಸಮೀಪದ ಕೆ. ಸಾಲುಂಡಿಯಲ್ಲಿ, ಅದೇ ವರ್ಷದ ಜೂನ್‌ನಲ್ಲಿ ಮಧುಗಿರಿ ತಾಲೂಕಿನ ಚಿನ್ನೇನಹಳ್ಳಿಯಲ್ಲಿ ಕಲುಷಿತ ನೀರು ಜೀವಗಳನ್ನು ಬಲಿ ತೆಗೆದುಕೊಂಡ ಸುದ್ದಿಯನ್ನು ನಾವು ಓದಿದ್ದೇವೆ. ಪ್ರತಿ ಸಲವೂ ದೃಶ್ಯ ಒಂದೇ. ವಾಂತಿ ಭೇದಿಯಿಂದ ಆಸ್ಪತ್ರೆ ತುಂಬುತ್ತದೆ, ಸಚಿವರು ಭೇಟಿ ನೀಡುತ್ತಾರೆ, ಪರಿಹಾರ ಧನ ಘೋಷಣೆಯಾಗುತ್ತದೆ, ಕೆಳಹಂತದ ಒಬ್ಬಿಬ್ಬರು ಅಮಾನತಾಗುತ್ತಾರೆ. ನೀರಿನ ಮಾದರಿ ಸುದ್ದಿಯಾಗುವುದು ಶವ ಎದ್ದ ಮೇಲೆ. ಸಾವಿನ ನಂತರ ನಡೆಸುವ ನೀರಿನ ಪರೀಕ್ಷೆಗೆ ನಿಗಾ ಎಂದು ಹೆಸರಿಡುವುದು ಸರಿಯಲ್ಲ. ಅದು ಮರಣೋತ್ತರ ಪರೀಕ್ಷೆಯ ಇನ್ನೊಂದು ಪುಟ, ಅಷ್ಟೇ. ಅಮಾನತಾಗುವ ನೀರುಗಂಟಿಯ ಕೈಗೆ ಕ್ಲೋರಿನ್ ಅಳೆಯುವ ಸಾಧನವನ್ನು ಯಾರಾದರೂ ಕೊಟ್ಟಿದ್ದರೇ ಎಂಬ ಪ್ರಶ್ನೆ ಯಾವ ವಿಚಾರಣಾ ವರದಿಯಲ್ಲೂ ಮೊದಲ ಸಾಲಾಗಿ ಬರುವುದಿಲ್ಲ. ಅವನಿಗೆ ನಾವು ಕೊಟ್ಟಿರುವುದು ಒಂದು ಚೀಲ ಬ್ಲೀಚಿಂಗ್ ಪೌಡರ್ ಮತ್ತು ಅನಿಯಮಿತವಾಗಿ ಬರುವ ಸಂಬಳ.

ಇನ್ನು ದೊಡ್ಡಬಳ್ಳಾಪುರಕ್ಕೆ ಬರೋಣ. ನಗರದ ಒಳಚರಂಡಿ ನೀರು ಮತ್ತು ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯ ನೀರು ತಮ್ಮ ಕೆರೆಗಳನ್ನು ಸೇರುತ್ತಿದೆಯೆಂದು ದೊಡ್ಡತುಮಕೂರು ಮತ್ತು ಮಜರಾಹೊಸಹಳ್ಳಿ ಪಂಚಾಯತ್‌ಗಳ ಗ್ರಾಮಸ್ಥರು ವರ್ಷಗಳಿಂದ ದೂರುತ್ತಿದ್ದಾರೆ. ಕೆರೆಯ ನೀರು ಕೆಟ್ಟ ಬಳಿಕ ಸುತ್ತಲ ಕೊಳವೆಬಾವಿಗಳ ನೀರೂ ಕೆಟ್ಟಿದೆಯೆಂಬುದು ಅವರ ಅಳಲು. ಧರಣಿ ಕುಳಿತಿದ್ದಾರೆ, ಮನವಿ ಕೊಟ್ಟಿದ್ದಾರೆ, ಶುದ್ಧ ನೀರಿಗಾಗಿ ಬೇಡಿದ್ದಾರೆ. ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಹಳ್ಳಿಯ ಮಹಿಳೆಯರ ಕೈಗೆ ಕೊಡುವ ಕಿಟ್ ಫ್ಲೋರೈಡ್, ನೈಟ್ರೇಟ್, ಗಡಸುತನ, ಕಬ್ಬಿಣ, ಉಳಿಕೆ ಕ್ಲೋರಿನ್ ಮುಂತಾದುವುಗಳನ್ನು ತೋರಿಸಬಲ್ಲದು. ಮಲಿನತೆ ಇದ್ದರೆ ಕಪ್ಪಗಾಗುವ ಸೀಸೆಯ ಮೂಲಕ ಬ್ಯಾಕ್ಟೀರಿಯಾದ ಸುಳಿವನ್ನೂ ಕೊಡಬಲ್ಲದು. ಆದರೆ ಕೈಗಾರಿಕೆಯಿಂದ ಬರಬಹುದಾದ ಸೀಸ, ಕ್ರೋಮಿಯಂ, ಪಾದರಸಗಳನ್ನು ಆ ಕಿಟ್ ಕಾಣಲಾರದು. ಕೃಷಿಪ್ರಧಾನ ಹಳ್ಳಿಗೂ ಕಾರ್ಖಾನೆಯ ಕೆಳಗಿನ ಹಳ್ಳಿಗೂ ಒಂದೇ ಬಗೆಯ ಪರೀಕ್ಷೆ ನಡೆಸಿ, ನೀರು ಸರಿಯಿದೆ ಎಂದು ಬರೆದರೆ, ಬರೆದದ್ದು ಸುಳ್ಳಲ್ಲದಿದ್ದರೂ ಅದು ಸತ್ಯವೂ ಆಗುವುದಿಲ್ಲ. ಜಾಲಾರಿಯ ಕಣ್ಣಿಗಿಂತ ಸಣ್ಣದಾದ ಕಲ್ಲನ್ನು ಜಾಲಾರಿ ಹಿಡಿಯದು.

ಈ ನದಿಯ ಚರಿತ್ರೆಯನ್ನು ಬಲ್ಲವರಿಗೆ ಈ ವಿಪರ್ಯಾಸ ಇನ್ನಷ್ಟು ಚುಚ್ಚುತ್ತದೆ. ಬೆಂಗಳೂರು ನಗರಕ್ಕೆ ಕೊಳವೆಯ ನೀರು ಕೊಟ್ಟ ಮೊದಲ ನದಿಯೇ ಅರ್ಕಾವತಿ. 1894ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರದಿಂದ ಆ ನಗರ ಅವಳ ನೀರನ್ನು ಕುಡಿದು ಬೆಳೆಯಿತು. ಅವಳ ಜಲಾನಯನ ಪ್ರದೇಶವನ್ನು ರಕ್ಷಿಸಲು 2003ರ ನವೆಂಬರ್‌ನಲ್ಲಿ ರಾಜ್ಯ ಸರಕಾರವು ಆದೇಶವನ್ನೂ ಹೊರಡಿಸಿತ್ತು. ಇಂದು ನಗರವು ಕಾವೇರಿಯ ನೀರು ಕುಡಿಯುತ್ತಿದೆ; ಅರ್ಕಾವತಿಯ ದಡದವರಿಗೆ ಉಳಿದದ್ದು ಚರಂಡಿ. ನಗರ ಬೆಳೆಯುವಾಗ ಅದರ ನೀರು ಹಳ್ಳಿಯಿಂದ ಬರುತ್ತದೆ, ಅದರ ಕೊಳಕು ಹಳ್ಳಿಗೆ ಹೋಗುತ್ತದೆ. ಅಭಿವೃದ್ಧಿ ಎಂಬ ಪದಕ್ಕೆ ನಾವು ಕೊಟ್ಟುಕೊಂಡಿರುವ ಅರ್ಥ ಇದುವೇ?

ದೇವನಹಳ್ಳಿಯ ಕಡೆ ಈ ಪ್ರಶ್ನೆ ಇನ್ನೊಂದು ರೂಪದಲ್ಲಿದೆ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆಗಳಿಗೆ ತುಂಬಿಸಲಾಗುತ್ತಿದೆ. ದಿನಕ್ಕೆ 210 ದಶಲಕ್ಷ ಲೀಟರ್ ನೀರನ್ನು 65 ಕೆರೆಗಳಿಗೆ ಹರಿಸುವುದು ಆ ಯೋಜನೆಯ ಲೆಕ್ಕ. ಬತ್ತಿದ ಕೆರೆ ತುಂಬಿದಾಗ ರೈತನ ಮುಖ ಅರಳುವುದು ಸಹಜ. ಆ ಸಂತೋಷವನ್ನು ಹಗುರವಾಗಿ ಕಾಣುವ ಹಕ್ಕು ನಮಗಿಲ್ಲ. ಆ ನೀರು ಕುಡಿಯಲಿಕ್ಕಲ್ಲ, ಅಂತರ್ಜಲ ಏರಿಸಲಿಕ್ಕೆ ಎಂದು ಸರಕಾರ ಹೇಳುತ್ತದೆ. ಆದರೆ ಏರಿದ ಅಂತರ್ಜಲವೇ ಕೊಳವೆಬಾವಿಯ ಮೂಲಕ ಅದೇ ಊರಿನ ನಳ್ಳಿಗೆ ಬರುವುದಲ್ಲವೇ? ಇದೇ ಬಗೆಯ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ 2018ರ ಜುಲೈಯಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ನೊರೆ ಬಂದು, ವಿಷಯವು ಹೈಕೋರ್ಟು ಮತ್ತು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಕೂಗು ಈ ಬಯಲುಸೀಮೆಯಲ್ಲಿ ಅಂದಿನಿಂದಲೂ ಇದೆ. ಆ ನೀರು ಹಾನಿಕರವೇ ಅಲ್ಲವೇ ಎಂಬುದನ್ನು ಭಾಷಣವೂ ತೀರ್ಮಾನಿಸದು, ಪ್ರತಿಭಟನೆಯೂ ತೀರ್ಮಾನಿಸದು. ಆ ಕೆರೆಗಳ ಸುತ್ತಲಿನ ಕುಡಿಯುವ ನೀರಿನ ಬಾವಿಗಳ ಫಲಿತಾಂಶವನ್ನು ತಿಂಗಳು ತಿಂಗಳೂ ಜನರ ಮುಂದಿಡುವುದರಿಂದ ಮಾತ್ರ ಅದು ತೀರ್ಮಾನವಾಗುತ್ತದೆ.

ಶುದ್ಧ ಕುಡಿಯುವ ನೀರಿನ ಘಟಕಗಳಿವೆಯಲ್ಲ ಎಂದು ಕೆಲವರು ಹೇಳಬಹುದು. ಐದು ರೂಪಾಯಿಯ ನಾಣ್ಯಕ್ಕೆ ಕ್ಯಾನು ತುಂಬಿಸುವ ಆ ಘಟಕಗಳು ಹಳ್ಳಿಗಳಿಗೆ ಉಪಕಾರ ಮಾಡಿವೆ, ನಿಜ. ಆದರೆ ಅದರೊಳಗಿನ ಪೊರೆಯನ್ನು ಸಕಾಲದಲ್ಲಿ ಬದಲಾಯಿಸದಿದ್ದರೆ 'ಶುದ್ಧ' ಎಂಬುದು ಗೋಡೆಯ ಮೇಲಿನ ಬರಹವಾಗಿ ಮಾತ್ರ ಉಳಿಯುತ್ತದೆ. ಅದೂ ಅಲ್ಲದೆ, ಆ ಘಟಕವು ಬೇರ್ಪಡಿಸಿದ ಫ್ಲೋರೈಡ್ ಮತ್ತು ಲವಣಗಳು ಸಾಂದ್ರಗೊಂಡ ತ್ಯಾಜ್ಯ ನೀರಿನೊಂದಿಗೆ ಪಕ್ಕದ ಚರಂಡಿಗೆ ಹರಿದು ಮತ್ತೆ ಅದೇ ನೆಲಕ್ಕಿಳಿಯುತ್ತವೆ. ಕೆಟ್ಟು ನಿಂತ ಘಟಕದ ಊರಿನಲ್ಲಿ ಉಳ್ಳವನು ಕ್ಯಾನ್ ನೀರು ತರಿಸುತ್ತಾನೆ, ಇಲ್ಲದವನು ನಳ್ಳಿಯ ನೀರನ್ನೇ ಕುಡಿಯುತ್ತಾನೆ. ಹಾಗೆ ಕುಡಿಯುವ ನೀರಿನಲ್ಲೂ ಎರಡು ವರ್ಗಗಳು ಹುಟ್ಟಿಕೊಳ್ಳುತ್ತವೆ.

ಕಾನೂನು ಕೂಡ ಈ ಎರಡು ವರ್ಗಗಳನ್ನು ಗುರುತಿಸಿದಂತಿದೆ. ಬಾಟಲಿಯಲ್ಲಿ ಮಾರುವ ನೀರಿಗೆ 2001ರಲ್ಲಿ ಭಾರತೀಯ ಮಾನಕ ಬ್ಯೂರೋದ ಮುದ್ರೆಯನ್ನು ಕಡ್ಡಾಯಗೊಳಿಸಲಾಯಿತು. 2024ರಲ್ಲಿ ಆ ಕಡ್ಡಾಯವನ್ನು ಕೈಬಿಟ್ಟರೂ, ಆಹಾರ ಸುರಕ್ಷತಾ ಪ್ರಾಧಿಕಾರವು ಬಾಟಲಿ ನೀರನ್ನು ಅತಿ ಅಪಾಯ ಸಾಧ್ಯತೆಯ ಆಹಾರಗಳ ಸಾಲಿಗೆ ಸೇರಿಸಿ ವಾರ್ಷಿಕ ತಪಾಸಣೆಗೆ ಒಳಪಡಿಸಿತು. ಮಾನಕ ಮೀರಿದ ಬಾಟಲಿ ನೀರು ಮಾರಿದವನನ್ನು ಕಾನೂನು ಶಿಕ್ಷಿಸಬಲ್ಲದು. ನಳ್ಳಿಯ ನೀರಿಗೂ ಬ್ಯೂರೋ ಮಾನಕವನ್ನು ಬರೆದಿಟ್ಟಿದೆ, ಸರಕಾರಿ ಮಾರ್ಗಸೂಚಿಗಳೂ ಅದನ್ನು ಉಲ್ಲೇಖಿಸುತ್ತವೆ. ಆದರೆ ಅದನ್ನು ಪಾಲಿಸಲೇಬೇಕೆಂಬ ಕಾನೂನಿನ ಕಡ್ಡಾಯ ಪೂರೈಕೆದಾರರ ಮೇಲಿಲ್ಲ. ದುಡ್ಡು ಕೊಟ್ಟು ಕುಡಿಯುವವನ ಆರೋಗ್ಯಕ್ಕೆ ಕಾನೂನಿನ ಕಾವಲು, ತೆರಿಗೆ ಕೊಟ್ಟು ಕುಡಿಯುವವನ ಆರೋಗ್ಯಕ್ಕೆ ಬರಿಯ ಮಾರ್ಗಸೂಚಿ! ಮಾಲಿನ್ಯಮುಕ್ತ ನೀರು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿತ್ತು. ತನ್ನ ಹಕ್ಕಿನ ಉಲ್ಲಂಘನೆಯಾಗಿದೆಯೇ ಎಂದು ತಿಳಿಯುವ ದಾರಿಯೇ ಇಲ್ಲದವನಿಗೆ ಆ ಹಕ್ಕು ಇದ್ದೂ ಇಲ್ಲದಂತೆ.

ಫಲಿತಾಂಶವನ್ನು ಬಹಿರಂಗಪಡಿಸಿದರೆ ಜನರು ಗಾಬರಿಯಾಗುತ್ತಾರೆ ಎಂಬುದು ಅಧಿಕಾರಿಗಳ ಹಳೆಯ ವಾದ. ನಿಜವಾಗಿ ಗಾಬರಿ ಹುಟ್ಟುವುದು ಮೌನದಿಂದ. ವರದಿ ಇಲ್ಲದ ಕಡೆ ವದಂತಿ ಇರುತ್ತದೆ. ನೀರಿಗೆ ಯಾರೋ ವಿಷ ಹಾಕಿದ್ದಾರೆ ಎಂಬ ಒಂದು ಪಿಸುಮಾತು ಊರನ್ನು ಜಾತಿ ಧರ್ಮಗಳ ಹೆಸರಲ್ಲಿ ಒಡೆಯಲು ಸಾಕು. ದಿನಾಂಕ ಸಹಿತ ಬರೆದಿಟ್ಟ ಒಂದು ಅಂಕಿ ಆ ಪಿಸುಮಾತಿನ ಬಾಯಿ ಮುಚ್ಚಿಸುತ್ತದೆ. ಹಣವಿಲ್ಲ ಎಂಬ ವಾದವೂ ನಿಲ್ಲದು. ಲಕ್ಷಾಂತರ ರೂಪಾಯಿಯ ಟ್ಯಾಂಕು ಕಟ್ಟಿಸಿ ಅದಕ್ಕೆ ಜನಪ್ರತಿನಿಧಿಯ ಹೆಸರು ಬರೆಸಲು ಬಣ್ಣ ಸಿಗುತ್ತದಾದರೆ, ಅದೇ ಗೋಡೆಯ ಮೇಲೆ ನೀರಿನ ವರದಿ ಬರೆಸಲು ಬಣ್ಣ ಸಿಗದೇ? ಸಾರ್ವಜನಿಕ ಸಂಸ್ಥೆಗಳು ಯಾರೂ ಕೇಳದೆಯೇ ತಮ್ಮ ಮಾಹಿತಿಯನ್ನು ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯಿದೆಯ 4ನೇ ಸೆಕ್ಷನ್ ಹೇಳುತ್ತದೆ. ನೀರಿನ ವರದಿಗಿಂತ ಹೆಚ್ಚು ಸಾರ್ವಜನಿಕವಾದ ಮಾಹಿತಿ ಇನ್ನಾವುದಿದೆ?

ಆದ್ದರಿಂದ ಬೇಡಿಕೆ ಸರಳವಾಗಿದೆ. ಪ್ರತಿ ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ, ಪ್ರತಿ ಶುದ್ಧ ನೀರಿನ ಘಟಕದ ಗೋಡೆಯಲ್ಲಿ ಒಂದು ಫಲಕವಿರಲಿ. ಮಾದರಿ ತೆಗೆದ ದಿನಾಂಕ, ಪರೀಕ್ಷಿಸಿದ ಪ್ರಯೋಗಾಲಯ, ಫ್ಲೋರೈಡ್, ನೈಟ್ರೇಟ್ ಮತ್ತು ಬ್ಯಾಕ್ಟೀರಿಯಾದ ಫಲಿತಾಂಶ, ಅದರ ಪಕ್ಕದಲ್ಲಿ ಮಿತಿ ಎಷ್ಟೆಂಬ ಅಂಕಿ, ಕೊನೆಗೆ ಕುಡಿಯಬಹುದು ಅಥವಾ ಕುಡಿಯಬಾರದು ಎಂಬ ಒಂದು ಮಾತು, ಇವಿಷ್ಟೂ ಕನ್ನಡದಲ್ಲಿರಲಿ. ಕೆಟ್ಟ ಫಲಿತಾಂಶ ಬಂದ ದಿನವೇ ಅದು ಪಂಚಾಯತ್‌ಗೆ ಮಾತ್ರವಲ್ಲ, ತಾಲೂಕು ಆರೋಗ್ಯಾಧಿಕಾರಿಗೂ ಹೋಗಲಿ ಮತ್ತು ಬದಲಿ ನೀರಿನ ಹೊಣೆ ಯಾರದ್ದೆಂದು ಮೊದಲೇ ನಿಗದಿಯಾಗಿರಲಿ. ಕೈಗಾರಿಕಾ ಪ್ರದೇಶಗಳ ಕೆಳಗಿನ ಹಳ್ಳಿಗಳಲ್ಲಿ ಭಾರಲೋಹಗಳ ಪರೀಕ್ಷೆ ಕಡ್ಡಾಯವಾಗಲಿ, ಅದನ್ನು ಪೂರೈಕೆಗೆ ಸಂಬಂಧಿಸದ ಸಂಸ್ಥೆಯೊಂದು ನಡೆಸಲಿ. ನೀರುಗಂಟಿಗೂ ತರಬೇತಿ ಪಡೆದ ಮಹಿಳೆಯರಿಗೂ ತಕ್ಕ ಸಾಧನ ಮತ್ತು ಗೌರವಧನ ದೊರೆಯಲಿ.

ಸರಕಾರದ ಹೊಣೆಯನ್ನು ಹೇಳಿದ ಮಾತ್ರಕ್ಕೆ ನಮ್ಮ ಹೊಣೆ ತೀರದು. ಕೊಳವೆಬಾವಿಯ ಪಕ್ಕದಲ್ಲೇ ಶೌಚದ ಗುಂಡಿ ತೋಡುವವರು ನಾವು. ಹಬ್ಬದ ಮರುದಿನ ಪ್ರಾಣಿ ತ್ಯಾಜ್ಯವನ್ನೂ ಬಣ್ಣ ಬಳಿದ ಮೂರ್ತಿಯನ್ನೂ ಕೆರೆಗೆ ಸೇರಿಸುವವರೂ ನಾವೇ. ರಸ್ತೆ, ಮನೆ, ಪಿಂಚಣಿಗಾಗಿ ಗ್ರಾಮಸಭೆಗೆ ಬರುವ ನಾವು ನೀರಿನ ವರದಿ ಎಲ್ಲಿದೆಯೆಂದು ಅಲ್ಲಿ ಕೇಳುವುದು ಅಪರೂಪ. ಮಸೀದಿ, ಮಂದಿರ, ಮಠ, ಶಾಲೆಗಳ ಆಡಳಿತ ಮಂಡಳಿಗಳು ತಮ್ಮ ಬಾವಿಯ ನೀರನ್ನು ವರ್ಷಕ್ಕೆರಡು ಬಾರಿ ಪ್ರಯೋಗಾಲಯಕ್ಕೆ ಒಯ್ದು, ಬಂದ ಫಲಿತಾಂಶವನ್ನು ಬಾಗಿಲಿಗೆ ಅಂಟಿಸಿದರೆ, ಪಂಚಾಯತ್‌ಗೆ ಅದೇ ದೊಡ್ಡ ಪಾಠವಾಗುತ್ತದೆ. ಒಂದೇ ಕೊಳವೆಬಾವಿಯ ನೀರು ಕುಡಿಯುವವರ ನಡುವೆ ಈ ವಿಷಯದಲ್ಲಿ ಯಾವ ಪಕ್ಷವೂ ಯಾವ ಪಂಗಡವೂ ಇರಬೇಕಾಗಿಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಪಂಚಾಯತ್ ಅಭಿವೃದ್ಧಿ ಅಧಿಕಾರಿಯ ಮುಂದೆ ಒಬ್ಬರಾದರೂ ಎದ್ದು ನಿಂತು, ನಮ್ಮೂರಿನ ನೀರನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವ ದಿನ, ಫಲಿತಾಂಶವೇನು, ಎಂದು ಕೇಳಲಿ. ಉತ್ತರ ಸಿಕ್ಕರೆ ಅದನ್ನು ಟ್ಯಾಂಕಿನ ಗೋಡೆಯ ಮೇಲೆ ಬರೆಯಿಸಲಿ. ಉತ್ತರ ಸಿಗದಿದ್ದರೆ, ಆ ಮೌನವನ್ನು ಸಭೆಯ ನಡಾವಳಿಯಲ್ಲಿ ದಾಖಲಿಸಲಿ.